ಉತ್ತರರಂಗವಿಲ್ಲದ ಕೀರ್ತನೆ

ಅಡುಗೆಮನೆಯಲ್ಲಿ ಇಬ್ಬರೂ ಒಮ್ಮೆಲೇ ನಕ್ಕದ್ದು ಕೇಳಿ ದತ್ತುವಿನ ಕೈ ಪೇಟಿಯ ಮೇಲೆ ಹಾಗೇ ನಿಂತಿತು. ಧೋತರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾರ್ಮೋನಿಯಂನ ಕರಿ ಪಟ್ಟಿಗಳ ಸಂದಿಯ ಧೂಳು ತೆಗೆಯುತ್ತಿದ್ದವನು ಕಿವಿಯನ್ನಷ್ಟೇ ಒಳಗೆ ಕಳಿಸಿ ಕುಳಿತ. ಹೆಂಡತಿ ಸುಹಾಸಿನಿಗೆ ಎರಡು ನಗೆಗಳಿದ್ದವು. ಒಂದು ಸಭೆಯದು; ಕೀರ್ತನೆಯ ನಡುವೆ ಹೆಂಗಸರ ಸಾಲಿನ ಕಡೆ ಬಾಗಿ ನಗುವುದು, ಗೋಡೆಗೆ ಆತು ಕೂತವರಿಗೂ ಮುಟ್ಟುವಂಥದು. ಇನ್ನೊಂದು ಮೂಗಿನಲ್ಲಿ ಹುಟ್ಟಿ ಗಂಟಲಿಗಿಳಿದು ಅಲ್ಲೇ ಒಡೆಯುವ ನಗೆ. ಮದುವೆಯಾದ ಹೊಸತರಲ್ಲಿ, ಮಾಳಮಡ್ಡಿಯ ಇದೇ ಮನೆಯ ಹಿತ್ತಲಲ್ಲಿ ಅರಿವೆ ಒಣಹಾಕುವಾಗ ಅವನು ಅದನ್ನು ಕೇಳಿದ್ದ. ಆಮೇಲೆ ಅದು ಎಲ್ಲಿ ಹೋಯಿತೆಂದು ವಿಚಾರಿಸಿರಲಿಲ್ಲ. ವಯಸ್ಸಾದಂತೆ ಹಲ್ಲು ಹೋಗುತ್ತವೆ, ನಗೆಯೂ ಹೋಗುತ್ತದೆ ಎಂದುಕೊಂಡಿದ್ದ. ಈಗ ನೋಡಿದರೆ ಹೋಗಿರಲಿಲ್ಲ. ಮನೆಯಲ್ಲೇ ಇತ್ತು. ಮೆಂತೆಪಲ್ಲೆ ಸೋಸುತ್ತ ಕೂತ ಆ ಹುಡುಗಿಗೆ, ಸೃಷ್ಟಿಗೆ, ಸಿಕ್ಕಿತ್ತು.

ಏನು ಹೇಳಿ ನಗಿಸಿದಳೋ. ತಾನು ಇಷ್ಟು ವರ್ಷದಲ್ಲಿ ಹೇಳಿದ ಚಟಾಕಿಗಳನ್ನೆಲ್ಲ ದತ್ತು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿದ. ಒಂದಕ್ಕೂ ಆ ನಗೆ ಬಂದಿರಲಿಲ್ಲ. ಅರವತ್ತು ದಾಟಿದ ಗಂಡಸು ಮಗಳಂಥ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದೇನು ಚಂದ ಎಂದು ತನಗೆ ತಾನೇ ಅಂದುಕೊಂಡ. ಅಂದುಕೊಂಡದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಇವತ್ತು ಸಂಜೆ ನವನಗರದಲ್ಲಿ ಸುಹಾಸಿನಿಯ ಕೀರ್ತನೆಯಿತ್ತು. ಕೊನೆಯದು. ಅದು ಕೊನೆಯದು ಎಂಬುದು ದತ್ತುವಿಗೆ ಗೊತ್ತಾದದ್ದು ಫೋನಿನಿಂದ. ನವನಗರದ ಮಹಿಳಾ ಮಂಡಳದ ಪ್ರಾಚಿ ಫೋನ್ ಮಾಡಿ, “ಕಾಕಾ, ಅಕ್ಕಾರು ಇದ ಕೊನೀದು, ಇನ್ನ ಕೀರ್ತನ ಮಾಡೂದಿಲ್ಲ ಅಂದ್ರಲ್ಲ, ಖರೇ ಏನು? ನೀವರ ಒಂದು ಮಾತು ಹೇಳ್ರಿ” ಅಂದಿದ್ದಳು. ಅವನ ಕಿವಿ ಬಿಸಿಯಾಗಿತ್ತು. ಆದರೂ ಬಾಯಿ ತಾನಾಗಿಯೇ, “ಹೌದವಾ, ನಾವಿಬ್ಬರೂ ವಿಚಾರ ಮಾಡೇ ಠರಾಯಿಸೇವಿ” ಅಂದುಬಿಟ್ಟಿತ್ತು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಸುಮ್ಮನೆ ಕಾಲು ತೊಳೆದುಕೊಂಡು ಬಂದಿದ್ದ. ಸೃಷ್ಟಿಗೆ ಅದಾಗಲೇ ಗೊತ್ತಿತ್ತು. ಪ್ರತಿ ಗುರುವಾರ ಮನೆಗೆ ಬರುತ್ತಿದ್ದ ಅವಳು ಆ ವಾರ ಬಂದಾಗ ಮಾತಿನ ನಡುವೆ ಅದನ್ನು ಹಳೆಯ ಸುದ್ದಿಯ ಹಾಗೆ ಆಡಿದ್ದನ್ನು ಅವನು ಇದೇ ಜಾಗದಲ್ಲಿ, ಇದೇ ಪೇಟಿಯ ಮುಂದೆ ಕೂತು ಕೇಳಿಸಿಕೊಂಡಿದ್ದ.

ಸುಹಾಸಿನಿ ಕೀರ್ತನಕಾರರ ಮನೆಯ ಮಗಳು. ಅವಳ ಅಪ್ಪನಿಗೆ ಪೇಟಿ ನುಡಿಸಲು ಬಂದ ಹುಡುಗ ದತ್ತು. ಸಾಲೆ ಅರ್ಧಕ್ಕೆ ಬಿಟ್ಟವನು, ಕೈ ಮಾತ್ರ ಪಟ್ಟಿಯ ಮೇಲೆ ಓಡುತ್ತದೆ ಎಂದು ಮಾವ ಮಗಳನ್ನು ಕೊಟ್ಟರು. ಅಂದಿನಿಂದ ಅವಳು ನಿಂತು ಹೇಳುವುದು, ಅವನು ಕೂತು ನುಡಿಸುವುದು. ಹಾರ ಅವಳಿಗೆ. ಹಣೆಗೆ ಕರಿ ಬುಕ್ಕಿಟ್ಟು ಹಚ್ಚುವುದು ಮೊದಲು ಅವಳಿಗೆ, ಆಮೇಲೆ ಉಳಿದ ಬೆರಳಿನಿಂದ ಅವನಿಗೆ. ಇದರಲ್ಲಿ ಅವನಿಗೆ ಎಂದೂ ಬೇಸರವಿರಲಿಲ್ಲ, ಅಥವಾ ಇರಲಿಲ್ಲ ಎಂದೇ ಅವನು ತಿಳಿದಿದ್ದ. ಗದಗಿನಿಂದ ಬೆಳಗಾವಿಯ ತನಕ ಅವಳಿಗೆ ಹೆಸರು ತಂದದ್ದು ಅವಳೇ ಕಟ್ಟಿದ ಒಂದು ಆಖ್ಯಾನ: ಹುಟ್ಟದ ಕೂಸಿನ ಕಥೆ. ಬಸುರಿಯೊಬ್ಬಳು ಗರ್ಭ ತೆಗೆಸಲು ಹೊರಡುತ್ತಾಳೆ. ದಾರಿಯುದ್ದಕ್ಕೂ ಒಳಗಿನ ಕೂಸು ಅವಳೊಡನೆ ಮಾತಾಡುತ್ತದೆ. ‘ಬಾಗಿಲ ತೆಗಿ ತಾಯಿ, ನಾ ಬಂದೇನಿ, ಕತ್ತಲದಾಗ ಕೈ ಚಾಚಿ ನಿಂದೇನಿ’ ಎಂದು ಸುಹಾಸಿನಿ ಕೈ ಚಾಚಿ ಹಾಡಿದರೆ ಸಭೆಯಲ್ಲಿ ಸೆರಗು ಕಣ್ಣಿಗೆ ಹೋಗದ ಹೆಂಗಸು ಇರುತ್ತಿರಲಿಲ್ಲ. ಗರ್ಭ ತೆಗೆಸಿದ ಹೆಣ್ಣಿಗೆ ಏಳು ಜನ್ಮ ತೊಟ್ಟಿಲು ಬರಿದು ಎಂದು ಆಮೇಲೆ ಅವಳು ಗುಡುಗುತ್ತಿದ್ದಳು. ‘ಬಾಗಿಲ ತೆಗಿ’ಯ ಆ ಎರಡು ಸಾಲಿಗೆ ಧಾಟಿ ಕಟ್ಟಿದವನು ದತ್ತು. ಪಿಲೂ ರಾಗದಲ್ಲಿ ಎತ್ತಿಕೊಂಡು, ‘ತಾಯಿ’ ಎಂಬಲ್ಲಿ ಕೋಮಲ ಗಾಂಧಾರದ ಮೇಲೆ ಪೇಟಿಯ ತಿದಿಯನ್ನು ಚೂರು ಸಡಿಲಿಸಿ, ಸ್ವರ ಉಸಿರು ಹಿಡಿದಂತೆ ಮಾಡಿದ್ದ. ಹೆಂಗಸರು ಅಳುತ್ತಿದ್ದದ್ದು ಅಲ್ಲೇ. ಅದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಒಳಗಿನಿಂದ ಮತ್ತೆ ಮಾತು. ಈಗ ದನಿ ತಗ್ಗಿತ್ತು. ನಗುವಾಗ ಕೇಳಿಸಲಿ, ಮಾತಾಡುವಾಗ ಕೇಳಿಸಬಾರದು ಎಂದೇ? ದತ್ತು ಕೆಮ್ಮಿದ.

“ಚಹಾ ಬೇಕೇನ್ರಿ?” ಸುಹಾಸಿನಿ ಕೇಳಿದಳು.

“ಬ್ಯಾಡ.”

“ಇಟ್ಟೇನಿ, ಕುಡೀರಿ.”

“ಬ್ಯಾಡ ಅಂದ್ನೆಲ್ಲ.”

ಚಹಾ ತಂದವಳು ಸೃಷ್ಟಿ. ಬಸಿಯ ಮೇಲೆ ಕಪ್ಪಿಟ್ಟು ಎರಡೂ ಕೈಯಲ್ಲಿ ಹಿಡಿದು ತಂದಳು. ಮೊದಲ ಸಲ ಬಂದಾಗ ಬಾಗಿಲು ತೆರೆದವನು ಅವನೇ. ದಸರೆ ಮುಗಿದ ವಾರ, ಮಧ್ಯಾಹ್ನ. ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದಳು. ಮುಖ ಬಾತಿತ್ತು, ಕಾಲಲ್ಲಿ ಗಂಡನದಿರಬೇಕು ದೊಡ್ಡ ಚಪ್ಪಲಿ. “ಬಾಗಿಲ ತೆಗಿ ಅಂತ ಹಾಡ್ತಾರಲ್ಲರಿ, ಅವರ ಮನಿ ಇದೇನ್ರಿ?” ಎಂದಿದ್ದಳು. ಯಾವುದೋ ಗುಡಿಯವರು ಕೀರ್ತನೆಗೆ ಕರೆಯಲು ಕಳಿಸಿದ್ದಾರೆಂದು ಅವನು ಒಳಗೆ ಕರೆದು ಚಾಪೆ ಹಾಸಿದ್ದ. ಸುಹಾಸಿನಿಯ ಮುಂದೆ ಕೂತು ಹುಡುಗಿ ಅಳದೆ ಹೇಳಿದಳು. ಐದು ತಿಂಗಳಿದ್ದಾಗ ಸ್ಕ್ಯಾನಿಂಗ್ ಮಾಡಿ ಡಾಕ್ಟರು, ಕೂಸಿನ ತಲೆಬುರುಡೆ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ, ಈಗಲೇ ತೆಗೆಸುವುದು ಒಳ್ಳೆಯದು ಅಂದರಂತೆ. ಗಂಡ ಹನಮೇಶ ಹೂಂ ಅಂದಿದ್ದ. ಅತ್ತೆ ಅವಳನ್ನು ಹಳೇ ಹುಬ್ಬಳ್ಳಿಯ ಗುಡಿಯಲ್ಲಿದ್ದ ಕೀರ್ತನೆಗೆ ಕರೆದುಕೊಂಡು ಬಂದಳು. “ನೀವು ಹಾಡಿದ್ರಿ ಅಕ್ಕಾರ. ನಾ ದವಾಖಾನಿಗೆ ಹೋಗಲಿಲ್ರಿ. ನೀವು ಹೇಳಿದಂಗ ಬಾಗಿಲಾ ತಗದ್ನಿ. ಅದು ಬಂತು. ಒಂದು ತಾಸು ಇತ್ತು. ನನ್ನ ಮಾರಿ ನೋಡಾಕ ಅದಕ್ಕ ಕಣ್ಣೂ ಸುದ್ದ ಕಾಣ್ತಿರಲಿಲ್ರಿ. ಯಾಕ ಕರದಿ ಅಂತ ಕೇಳಿದಂಗಾತು. ಏನ್ ಹೇಳ್ಬೇಕಿತ್ರಿ ನಾ ಅದಕ್ಕ? ಅದನ್ನ ಕೇಳಿ ಹೋಗೂನು ಅಂತ ಬಂದೇನಿ.”

ಸಾವಿರ ಜನರ ಮುಂದೆ ಮಾತಿಗೆ ತಡವರಿಸದ ಸುಹಾಸಿನಿ ಗೋಡೆಯ ಕಡೆ ನೋಡುತ್ತ ಕೂತಳು. ದತ್ತು ನೀರು ತಂದಿಟ್ಟ. ಇಟ್ಟು ನಿಂತ. ಈಗ ಸುಹಾಸಿನಿ ನನ್ನ ಕಡೆ ನೋಡುತ್ತಾಳೆ, ಈಗ ಅಂಬಕ್ಕನ ನೆನಪಾಗುತ್ತದೆ, ‘ನೀವು ಆವಾಗಲೇ ಹೇಳಿದ್ದಿರಿ’ ಎನ್ನುತ್ತಾಳೆ ಎಂದು ಕಾದ. ಅಂಥ ಹೊತ್ತಿನಲ್ಲಿ ಅದನ್ನು ಕಾದವನು ತಾನು ಎಂಬ ನಾಚಿಕೆ ಅವನಿಗೆ ಆಮೇಲೆ ಬಂತು. ಆಗ ಬರೀ ಕಾದಿದ್ದ. ಸುಹಾಸಿನಿ ಎದ್ದು ಹೋಗಿ ಹುಡುಗಿಯ ಪಾದದ ಹತ್ತಿರ ಕೂತಳು. ನೀರನ್ನು ಅವಳ ಬಾಯಿಗೆ ಹಿಡಿದಳು. ದತ್ತು ಎಂಬವನು ಅಲ್ಲಿ ನಿಂತಿದ್ದಾನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮರುದಿನದಿಂದ ಸುಹಾಸಿನಿ ಬೆಳಗಿನ ಅಭ್ಯಾಸಕ್ಕೆ ಕೂರಲಿಲ್ಲ.

ಅಂಬಕ್ಕ ಅವನ ಒಡಹುಟ್ಟಿದ ಅಕ್ಕ. ನಾಲ್ಕು ಹೆತ್ತ ಮೇಲೆ ಅವಳ ಎದೆಗೆ ಶಕ್ತಿಯಿಲ್ಲ, ಈ ಬಸಿರು ಬೇಡವೆಂದು ಡಾಕ್ಟರು ಹೇಳಿದ್ದರು. ಅಪ್ಪ ಒಪ್ಪಲಿಲ್ಲ, ಮನೆತನದಲ್ಲಿ ಹಾಗೆ ಮಾಡಿದವರಿಲ್ಲ ಅಂದ. ಬಾಣಂತಿತನಕ್ಕೆಂದು ಬಂದವಳನ್ನು ಚಟ್ಟದ ಮೇಲೆ ಕಳಿಸಿದರು. ದತ್ತು ಇದನ್ನು ಸುಹಾಸಿನಿಗೆ ಒಮ್ಮೆ ಹೇಳಿದ್ದ. ಆ ಆಖ್ಯಾನ ಹೊಸದಾಗಿ ಹೆಸರಾಗುತ್ತಿದ್ದ ಕಾಲ. ಯಾವುದೋ ಊರಿನ ಕೀರ್ತನೆ ಮುಗಿಸಿ ಬಂದು ಜುಬಿಲಿ ಸರ್ಕಲ್ಲಿನಲ್ಲಿ ಟಾಂಗಾಕ್ಕೆ ಕಾಯುತ್ತ ನಿಂತಿದ್ದರು. ಅವಳ ಕೊರಳಲ್ಲಿ ಇನ್ನೂ ಸೇವಂತಿಗೆ ಹಾರವಿತ್ತು. “ಸುಹಾಸ, ಆ ತೊಟ್ಟಿಲದ ಮಾತು ಬ್ಯಾಡ. ಎಲ್ಲಾ ಹೆಂಗಸರ ಹೊಟ್ಟಿ ಒಂದ ಥರಾ ಇರೂದಿಲ್ಲ. ನಮ್ಮ ಅಂಬಕ್ಕನ್ನ ತಗೋ” ಎಂದು ಅವನು ಶುರುಮಾಡಿದ್ದ. ಪೂರ್ತಿ ಹೇಳಿದ್ದನೋ ಅರ್ಧವೋ ಈಗ ನೆನಪಿಲ್ಲ. ಅವಳು ಹಾರ ತೆಗೆದು ಪೇಟಿಯ ಮೇಲಿಟ್ಟು, “ನೀವು ಪೇಟಿ ನೋಡ್ಕೋರಿ. ಮಾತು ನನಗ ಬಿಡ್ರಿ” ಎಂದದ್ದು ಮಾತ್ರ ನೆನಪಿದೆ. ಟಾಂಗಾ ಬಂತು. ಅವನು ಪೇಟಿ ನೋಡಿಕೊಂಡ. ಅಂದಿನಿಂದ ಪ್ರತಿ ಸಲ ‘ಏಳು ಜನ್ಮ ತೊಟ್ಟಿಲು ಬರಿದು’ ಎಂದು ಅವಳು ಗುಡುಗಿದಾಗ ಅವನು ಕಣ್ಣು ಮುಚ್ಚುತ್ತಿದ್ದ. ಪೇಟಿ ಮಾಸ್ತರರು ಭಕ್ತಿಯಲ್ಲಿ ಮುಳುಗಿದ್ದಾರೆಂದು ಜನ ತಿಳಿಯುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ಗಾಂಧಾರದ ಮೇಲೆ ತಿದಿ ಸಡಿಲಿಸುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಅಕ್ಕನ ದುಃಖ ಬೇರೆ, ತನ್ನ ಧಾಟಿ ಬೇರೆ ಎಂದು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದ.

“ಕಾಕಾರ, ಚಹಾ ಆರಾಕತ್ತೈತ್ರಿ,” ಸೃಷ್ಟಿ ಇನ್ನೂ ನಿಂತೇ ಇದ್ದಳು. “ನನ್ನ ಹೆಸರ ಅಲ್ಲಿ ಹೇಳಬ್ಯಾಡ್ರಿ ಅಂತ ಅಕ್ಕಾರಿಗೆ ನೀವರ ಹೇಳ್ರಿ. ನಾ ಹೇಳಿದ್ರ ಕೇಳವಲ್ರು.”

“ಎಲ್ಲಿ ಹೇಳಬಾರದು?”

“ಇವತ್ತ, ನವನಗರದಾಗ. ನನ್ನ ಕಣ್ಣು ತೆರಸಿದಾಕಿ ಈಕಿ ಅಂತ ಹೇಳ್ತಾರಂತ. ನಾ ಏನ್ ತೆರಸೇನ್ರಿ? ನಾಚಿಕಿ ಬರತೈತ್ರಿ ನನಗ.”

ದತ್ತು ಚಹಾ ಬಸಿಗೆ ಹಾಕಿದ. ಸುಹಾಸಿನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬೆಳ್ಳಗಿನ ಕೂದಲು ಬಿಚ್ಚಿತ್ತು. ಅವನ ಹತ್ತಿರ ಕೂರದೆ ಬಾಗಿಲ ಚೌಕಟ್ಟು ಹಿಡಿದು, “ಇವತ್ತು ಉತ್ತರರಂಗ ಇಲ್ಲ. ಪೂರ್ವರಂಗ ಮುಗಿಸಿ ನಾ ನಾಲ್ಕು ಮಾತು ಹೇಳ್ತೇನಿ, ಆಮ್ಯಾಲೆ ಮಂಗಳಾರತಿ. ನೀವು ನಡುವ ಬರೇ ನಾಮಸ್ಮರಣಿ ನುಡಸ್ರಿ. ಆ ಕಥೀದು ಧಾಟಿ ಇಡಬ್ಯಾಡ್ರಿ” ಎಂದಳು.

ಕೀರ್ತನೆಗೆ ಎರಡು ಭಾಗ. ಮೊದಲದು ತತ್ತ್ವ, ಪೂರ್ವರಂಗ. ಎರಡನೆಯದು ಕಥೆ, ಉತ್ತರರಂಗ. ನಡುವೆ ಹಾರ ಹಾಕಿ ಬುಕ್ಕಿಟ್ಟು ಹಚ್ಚುವಾಗ ಸಭೆ ದೇವರ ಹೆಸರು ಹೇಳುತ್ತಿರುತ್ತದೆ. ಆಗ ಪೇಟಿಯವನು ಮುಂದಿನ ಕಥೆಯ ಧಾಟಿಯನ್ನು ಮೆಲ್ಲಗೆ ಎತ್ತುತ್ತಾನೆ, ಕೀರ್ತನಕಾರರು ಅದನ್ನು ಹಿಡಿದು ಏಳುತ್ತಾರೆ. ಅವಳ ಅಪ್ಪ ಹಾಕಿಕೊಟ್ಟ ಪದ್ಧತಿ. ಇಡೀ ಕೀರ್ತನೆಯಲ್ಲಿ ಅವನು ಮುಂದೆ, ಅವಳು ಹಿಂದೆ ಬರುವ ಜಾಗ ಅದೊಂದೇ.

“ನಾಲ್ಕು ಮಾತು ಅಂದ್ರ ಏನು?” ದತ್ತು ಕೇಳಿದ.

“ಅಲ್ಲೇ ಕೇಳ್ರಲ್ಲ.”

“ನನಗ ಹೇಳೂ ಹಂಗಿಲ್ಲೇನು?”

“ಹಂಗೇನಿಲ್ಲರಿ. ನನಗ ಇನ್ನೂ ಜೋಡಿಸಲಿಕ್ಕೆ ಬಂದಿಲ್ಲ,” ಎಂದವಳು ಸೃಷ್ಟಿಯ ಕಡೆ ತಿರುಗಿ, “ಬಾರವಾ, ಹೆಳಲು ಹಾಕು ನನಗ. ಕೈ ಮ್ಯಾಲೆ ಏಳವಲ್ಲದು” ಎಂದಳು. ಅವಳ ಭುಜ ಹಿಡಿದುಕೊಂಡಾಗಿನಿಂದ ಆ ಹೆಳಲು ಹಾಕುತ್ತಿದ್ದವನು ದತ್ತು.

ನವನಗರಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಹೆಂಗಸರಿಬ್ಬರೂ ಮುಂದೆ ಕೂತರು. ದತ್ತು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ, ತಬಲಾದ ಕಮರುದ್ದೀನನ ಜೊತೆ. ಕಮರುದ್ದೀನ ಇವರೊಡನೆ ತಿರುಗಿ ತಿರುಗಿ ಮುದುಕನಾದವನು, ಬಾಯಿಗೆ ಬಿಡುವು ಕೊಡುವವನಲ್ಲ. ಕಿಟಕಿ ಗಾಜಿನ ಹೊರಗೆ ಚಳಿಗಾಲದ ಬಿಸಿಲು ತೆಳ್ಳಗಿತ್ತು. ಮುಂದಿನ ಸೀಟಿನ ಎರಡು ತಲೆಗಳು ಒಂದನ್ನೊಂದು ತಾಕಿ ಬಿಡುತ್ತಿದ್ದವು, ಬಸ್ಸಿನ ಅಲುಗಾಟಕ್ಕೋ ಮಾತಿಗೋ ತಿಳಿಯುತ್ತಿರಲಿಲ್ಲ.

“ಏನ್ ಮಾಸ್ತರ, ಮಾರಿ ಹಳಸಿದ ಅನ್ನ ಆಗೇತಿ?”

“ಏನಿಲ್ಲ.”

“ಇನ್ನ ನಾವಿಬ್ಬರೂ ಎಲ್ಲಿ ಬಾರಿಸೋದು? ಲಗ್ನದ ಬ್ಯಾಂಡಿನವರು ಈ ವಯಸ್ಸಿಗೆ ತೊಗೊಳ್ಳಂಗಿಲ್ಲ. ನಿಮ್ಮ ಸೊಂಟ, ನನ್ನ ಮೊಣಕಾಲು, ಎರಡೂ ಕೂಡಿಸಿದ್ರೂ ಒಬ್ಬಾಂವ ಕುಣಿಯಾಕ ಬರಂಗಿಲ್ಲ.” ಅವನೇ ನಕ್ಕ. ಆಮೇಲೆ ದನಿ ಇಳಿಸಿದ: “ಅಕ್ಕಾರು ಆ ಕಥಿ ಒಂದು ಬಿಟ್ಟು ಬ್ಯಾರೆ ಕಥಿ ಹೇಳಬಹುದಿತ್ತಲ್ಲ? ನಾ ಕೇಳಿದೆ. ‘ಆ ಬಾಯಿಲೆ ಇನ್ನ ಯಾವ ಕಥೀನೂ ಬರೂದಿಲ್ಲ ಕಮರುದ್ದೀನಣ್ಣ, ನನಗ ನನ್ನ ದನಿ ಕೇಳಿದ್ರ ಆ ಕೂಸು ನೆನಪಾಗ್ತದ’ ಅಂದ್ರು.”

ಕಮರುದ್ದೀನನಿಗೂ ಹೇಳಿದ್ದಾಳೆ. ದತ್ತು ಪೇಟಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಅವಳು ಬಿಡಲಿ, ಬಿಡುವುದೇ ಸರಿ. ತಾನೇ ಅಲ್ಲವೇ ಅದನ್ನು ಮೊದಲು ಹೇಳಿದವನು? ಆದರೆ ಅವಳು ಬಿಡುತ್ತಿದ್ದದ್ದು ತನ್ನ ಮಾತಿಗಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತವನ ಅಕ್ಕ ಸತ್ತದ್ದು ಸಾಕಾಗಲಿಲ್ಲ. ಎಲ್ಲಿಂದಲೋ ದೊಡ್ಡ ಚಪ್ಪಲಿ ಹಾಕಿಕೊಂಡು ಬಂದ ಹುಡುಗಿ ಒಂದು ಮಧ್ಯಾಹ್ನ ಕೂತು ಎದ್ದದ್ದರೊಳಗೆ ಆಗಿಹೋಯಿತು. ಇವತ್ತು ಸುಹಾಸಿನಿ ಸಭೆಯ ಮುಂದೆ ಅವಳ ಹೆಸರು ಹೇಳುತ್ತಾಳೆ. ಜನ ತಿರುಗಿ ಆ ಹುಡುಗಿಯನ್ನು ನೋಡುತ್ತಾರೆ. ಅಂಬಕ್ಕನನ್ನು ಯಾರೂ ನೋಡುವುದಿಲ್ಲ. ಅಂಬಕ್ಕನಿಗೋಸ್ಕರ ತನಗೆ ಸಿಟ್ಟು ಬರುತ್ತಿದೆ ಎಂದು ಅವನು ಸ್ವಲ್ಪ ಹೊತ್ತು ನಂಬಿ ನೋಡಿದ. ನಂಬಿಕೆ ನಿಲ್ಲಲಿಲ್ಲ. ಸತ್ತ ಅಕ್ಕನ ಮುಖವೇ ಸರಿಯಾಗಿ ಕಣ್ಣಿಗೆ ಬರಲಿಲ್ಲ. ಬಂದದ್ದು ತನ್ನದೇ ಮುಖ, ಜುಬಿಲಿ ಸರ್ಕಲ್ಲಿನ ದೀಪದ ಕೆಳಗೆ, ಬಾಯಿ ಅರ್ಧ ತೆರೆದದ್ದು.

ನವನಗರದ ಗುಡಿಯ ಹಿಂದಿನ ಸಭಾಮಂಟಪ ತುಂಬಿತ್ತು. ಕೊನೆಯ ಕೀರ್ತನೆಯೆಂದು ಸುದ್ದಿ ಹರಡಿ ವಿದ್ಯಾನಗರದಿಂದಲೂ ಹೆಂಗಸರು ಬಂದಿದ್ದರು. ಪ್ರಾಚಿ ಸ್ವಾಗತ ಮಾಡಿದಳು. ಎರಡು ಸಲ ‘ಸುಹಾಸಿನಿ ಅಕ್ಕಾರು’ ಎಂದಳು, ಒಂದು ಸಲ ‘ಮತ್ತವರ ಸಾಥಿಗಳು’ ಎಂದಳು. ಸೃಷ್ಟಿಯನ್ನು ಸುಹಾಸಿನಿ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದಳು. ದತ್ತು ಸುಹಾಸಿನಿಯ ಎಂದಿನ ಶ್ರುತಿ ಕಪ್ಪು ಐದರ, ಅಂದರೆ ಐದನೆಯ ಕರಿ ಪಟ್ಟಿಯ, ಷಡ್ಜ ಹಿಡಿದ. ಅವಳು ತಾಳದ ಚಿಪಳಿ ಕೈಗೆತ್ತಿಕೊಂಡು ನಿಂತಾಗ ಎಲ್ಲವೂ ಎಂದಿನಂತೆಯೇ ಆಯಿತು: ಅವಳು ಉಸಿರು ತೆಗೆದುಕೊಳ್ಳುವ ಮೊದಲೇ ಅವನ ಬೆರಳು ತಿಳಿಯುತ್ತಿತ್ತು, ಅವಳ ಸ್ವರ ಬಳಲಿದಲ್ಲಿ ಅವನ ಸ್ವರ ಕೆಳಗೆ ಬಂದು ನಿಲ್ಲುತ್ತಿತ್ತು. ಸಂಸಾರ ಇಲ್ಲಿ ನಡೆದದ್ದು ಎಂದು ಅವನಿಗನಿಸಿತು, ಈ ಎರಡು ಚಾಪೆಗಳ ನಡುವೆ. ಮನೆಯಲ್ಲಿ ನಡೆದದ್ದು ಊಟ, ನಿದ್ದೆ. ಇವತ್ತು ಮುಗಿದರೆ ಇದು ಇಲ್ಲ. ಆಮೇಲೆ ಅವಳಿಗೆ ಅಡುಗೆಮನೆಯಿದೆ, ಗುರುವಾರವಿದೆ, ಸೃಷ್ಟಿ ಇದ್ದಾಳೆ. ಆ ಹುಡುಗಿಯನ್ನು ಕರೆದುಕೊಂಡು ದವಾಖಾನೆಗೆ ಹೋಗುತ್ತಾಳಂತೆ, ಅಲ್ಲಿ ಕೂಸು ಕಳೆದುಕೊಂಡ ಹೆಂಗಸರ ಹತ್ತಿರ ಸುಮ್ಮನೆ ಕೂರುತ್ತಾಳಂತೆ. ಸುಮ್ಮನೆ ಕೂರುವ ಜಾಗಕ್ಕೆ ಪೇಟಿಯ ಕೆಲಸವೇನು?

ಪೂರ್ವರಂಗ ಮುಗಿಯಿತು. ಪ್ರಾಚಿ ಹಾರ ಹಾಕಿದಳು. ಬುಕ್ಕಿಟ್ಟಿನ ತಟ್ಟೆ ಬಂತು, ಮೊದಲು ಅವಳಿಗೆ, ಆಮೇಲೆ ಅವನಿಗೆ. ಸಭೆ ನಾಮಸ್ಮರಣೆ ಎತ್ತಿಕೊಂಡಿತು. ದತ್ತು ಅದನ್ನೇ ನುಡಿಸುತ್ತಿದ್ದ, ದೇವರಾಣೆ, ಅದನ್ನೇ. ಪೇಟಿಯ ಎಡಕ್ಕೆ ಅವನು ಎಂದಿನಂತೆ ಜೀರಿಗೆ ಹಾಕಿದ ಬಿಸಿನೀರಿನ ತಂಬಿಗೆ ಇಟ್ಟಿದ್ದ. ನಡುವಿನ ಈ ಹೊತ್ತಿಗೆ ಅವಳು ಹಿಂದೆ ತಿರುಗದೆಯೇ ಕೈ ಚಾಚುವುದು, ಅವನು ಒಂದು ಕೈಯಲ್ಲಿ ಸ್ವರ ಬಿಡದೆ ಇನ್ನೊಂದರಲ್ಲಿ ತಂಬಿಗೆ ಕೊಡುವುದು. ಜನ ಇದನ್ನೂ ನೋಡಿ ಸಂತೋಷಪಡುತ್ತಿದ್ದರು. ಅವನ ಎಡಗೈ ತಿದಿ ಬಿಟ್ಟು ತಂಬಿಗೆಯ ಕಡೆ ಹೊರಟಿತು. ಸುಹಾಸಿನಿ ಕೈ ಚಾಚಲಿಲ್ಲ. ಮುಂದಿನ ಸಾಲಿನ ಕಡೆ ನೋಡಿ ತಲೆಯಾಡಿಸಿದಳು. ಸೃಷ್ಟಿ ಎದ್ದು, ಮಡಿಲಿನಲ್ಲಿದ್ದ ಪ್ಲಾಸ್ಟಿಕ್ ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದುಕೊಟ್ಟಳು. ಸುಹಾಸಿನಿ ಕುಡಿದಳು, ಅಷ್ಟೂ.

ಅಷ್ಟೇ. ತಂಬಿಗೆಯ ಹತ್ತಿರ ಹೋಗಿದ್ದ ಕೈ ವಾಪಸು ಬಂದು ತಿದಿಯ ಮೇಲೆ ಕೂತಿತು. ಬಲಗೈಯ ಬೆರಳುಗಳು ನಾಮಸ್ಮರಣೆಯನ್ನು ಒಂದು ಸುತ್ತು ಮುಗಿಸಿ, ಅದರ ತುದಿಯಿಂದಲೇ ಪಿಲೂಗೆ ಇಳಿದವು. ಅವನು ತಡೆಯಬಹುದಿತ್ತು. ತಡೆಯಬಹುದೆಂದು ಗೊತ್ತಿರುವಷ್ಟು ಹೊತ್ತು ಸಿಕ್ಕಿತ್ತು. ‘ಬಾಗಿಲ ತೆಗಿ’ಯ ಮೊದಲ ಸ್ವರಗಳು ಮಂಟಪದ ಮೇಲೆ ಹೋಗಿ ಬಂದವು, ಹೆಂಗಸರ ಸಾಲಿನಲ್ಲಿ ‘ಹಾ’ ಎಂಬ ಉಸಿರು ಎದ್ದಿತು, ಇದಕ್ಕೇ ಕಾದವರಂತೆ. “ಮಾಸ್ತರ, ಇದಲ್ಲ!” ಕಮರುದ್ದೀನ ಪಕ್ಕದಿಂದ ಹಲ್ಲು ಕಚ್ಚಿ ಅಂದು ಕೈ ತೊಡೆಯ ಮೇಲಿಟ್ಟುಕೊಂಡ. ದತ್ತು ನಿಲ್ಲಿಸಲಿಲ್ಲ. ಸುಹಾಸಿನಿ ಹಾಡಲಿಲ್ಲ. ಹಾಡಬೇಕಾದ್ದೂ ಇರಲಿಲ್ಲ, ಸಭೆಗೆ ಅದು ಬಾಯಿಪಾಠವಾಗಿತ್ತು. ಯಾರೋ ಒಬ್ಬಳು ಎತ್ತಿಕೊಂಡಳು, ನೂರು ಜನ ಸೇರಿದರು: ನಾ ಬಂದೇನಿ, ಕೈ ಚಾಚಿ ನಿಂದೇನಿ. ‘ತಾಯಿ’ಯಲ್ಲಿ ಗಾಂಧಾರದ ಮೇಲೆ ಅವನ ತಿದಿ ತಾನಾಗಿಯೇ ಸಡಿಲಾಯಿತು. ಆ ಹಾಡುವ ಬಾಯಿಗಳ ನಡುವೆ, ಖಾಲಿ ಲೋಟ ಹಿಡಿದು, ಸೃಷ್ಟಿ ಒಬ್ಬಳೇ ನಿಂತಿದ್ದಳು. ಲೋಟವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಯಾರ ಕಾಲನ್ನೂ ತುಳಿಯದಂತೆ ನೋಡಿ ನೋಡಿ ಹೆಜ್ಜೆಯಿಡುತ್ತ ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು.

ದತ್ತುವಿನ ಎಡಗೈ ಮೇಲೆ ಇನ್ನೊಂದು ಕೈ ಬಂತು. ಸುಹಾಸಿನಿ ಪೇಟಿಯ ಮುಂದೆ ಮೊಣಕಾಲೂರಿದ್ದಳು. ಜನರ ಮುಂದೆ ಅವಳು ಅವನನ್ನು ಮುಟ್ಟಿದ್ದು ಮದುವೆಯ ದಿನ ಬಿಟ್ಟರೆ ಇದೇ. ಅವಳ ಅಂಗೈ ಅವನ ಕೈಯನ್ನೂ ತಿದಿಯನ್ನೂ ಕೂಡಿಸಿ ಮುಚ್ಚಿತು. ಸ್ವರ ಗೊರ್ ಎಂದು ಸತ್ತಿತು. ಹಾಡು ಅಲ್ಲಲ್ಲಿ ಹರಿದು ನಿಂತಿತು. ಅವಳು ಅವನ ಮುಖ ನೋಡಿದಳು. ಸಿಟ್ಟಿರಬಹುದೆಂದು ಅವನು ಹುಡುಕಿದ. ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಅಲ್ಲಿಯೇ ಕೂತು, ಸಭೆಯ ಕಡೆ ತಿರುಗಿ, ಮನೆಯಲ್ಲಿ ಆಡುವ ದನಿಯಲ್ಲಿ ಆಡಿದಳು.

“ಈ ಧಾಟಿ ನಿಮಗೆಲ್ಲಾರಿಗೂ ಸೇರ್ತದ. ಇದು ನಮ್ಮನಿಯವರು ಕಟ್ಟಿದ್ದು. ಇಷ್ಟು ವರ್ಷ ನಾ ಇದನ್ನ ಯಾರ ಮುಂದೂ ಹೇಳಿಲ್ಲ. ಮಾತು ಕಟ್ಟಿದಾಕಿ ನಾನು. ಆ ಮಾತು ಬ್ಯಾಡ ಅಂತ ಇವರು ನನಗ ಹಿಂದ ಹೇಳಿದ್ದರು. ಇವರ ಅಕ್ಕ ಇದ್ದಳು, ಅಂಬಕ್ಕ, ಆಕಿ ಹೆಂಗ ಹೋದಳು ಅಂತ ಹೇಳಿ, ಬ್ಯಾಡ ಸುಹಾಸ ಅಂದಿದ್ದರು. ನಾ ಕೇಳಲಿಲ್ಲ. ಇವತ್ತು ಮುಂಜಾನೆ ಇವರಿಗೆ ನಾ ಬ್ಯಾಡ ಅಂದಿದ್ದೆ. ಇವರೂ ಕೇಳಲಿಲ್ಲ.”

ಗಂಡ ಹೆಂಡಿರ ಚೇಷ್ಟೆಯೆಂದು ತಿಳಿದು ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಆ ನಗೆ ದತ್ತುವಿನ ಬುಕ್ಕಿಟ್ಟು ಹಚ್ಚಿದ ಹಣೆಯ ಮೇಲೆ ಬಂದು ಕೂತಿತು. ಮರೆತಿರಲಿಲ್ಲ ಅವಳು. ಒಂದು ಅಕ್ಷರವನ್ನೂ ಮರೆತಿರಲಿಲ್ಲ. ಇಷ್ಟು ದಿನ ಇದನ್ನೇ ಕೇಳಬೇಕೆಂದು ಒಣಗಿದ್ದ. ಈಗ ಇಡೀ ನವನಗರದ ಮುಂದೆ ಕೇಳಿದ. ನುಂಗಲು ಬರಲಿಲ್ಲ. ಸೃಷ್ಟಿಯ ಹೆಸರನ್ನು ಅವಳು ಹೇಳಲೇ ಇಲ್ಲ. ಆ ನಾಲ್ಕು ಮಾತಿನ ಜಾಗದಲ್ಲಿ ಇವನ ಹೆಸರು ಬಂದಿತ್ತು, ಇವನೇ ಕಸಿದುಕೊಂಡದ್ದರಿಂದ.

“ಇನ್ನೊಬ್ಬಾಕಿ ಹೊಟ್ಟಿ ಮುಂದ ನಿಂತು ಬಾಗಿಲ ತೆಗಿ, ಹಾಕು ಅಂತ ಹೇಳೂ ಅಧಿಕಾರ ನನಗಿಲ್ಲ. ಆಕಿಗೆ ಗೊತ್ತು, ಆಕಿ ಜೀವಕ್ಕ ಗೊತ್ತು. ನಾ ಹೇಳಿದ್ದು ಕೇಳಿ ಯಾರು ಯಾರು ಏನೇನು ಅನುಭವಿಸೀರಿ, ಅವರ ಪಾದಕ್ಕ ಬೀಳ್ತೇನಿ. ಇನ್ನ ನಾ ಕೀರ್ತನ ಮಾಡೂದಿಲ್ಲ.”

ಈಗ ಯಾರೂ ನಗಲಿಲ್ಲ. “ಹಂಗಂದ್ರ ಹೆಂಗ್ರಿ ಅಕ್ಕಾರ, ಪಾಪ ಪಾಪ ಅಲ್ಲೇನು ಹಂಗಾರ?” ಎಂದು ಒಬ್ಬ ಮುದುಕಿ ಗಟ್ಟಿಯಾಗಿಯೇ ಕೇಳಿದಳು. ಇನ್ನೊಬ್ಬಳು ಅವಳನ್ನು ಸುಮ್ಮನಿರಿಸಿದಳು. ದತ್ತು ಎದ್ದ. ಮಂಗಳಾರತಿಯ ಮೊದಲು ಪೇಟಿಯವನು ಏಳುವ ಪದ್ಧತಿಯಿಲ್ಲ. ಕಮರುದ್ದೀನ ಧೋತರದ ಚುಂಗು ಹಿಡಿದು ಎಳೆದ. ಬಿಡಿಸಿಕೊಂಡು ಪಕ್ಕದ ಬಾಗಿಲಿಗೆ ನಡೆದ.

ಹೊರಗೆ ಗುಡಿಯ ಗೋಡೆಗೂ ನೀರಿನ ಟಾಕಿಗೂ ನಡುವೆ ಸೃಷ್ಟಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಅವನು ದೂರವೇ ನಿಂತ. ಒಳಗೆ ಸುಹಾಸಿನಿ ಆರತಿ ಎತ್ತಿಕೊಂಡಳು. ಪೇಟಿಯಿಲ್ಲದ ಅವಳ ದನಿಯನ್ನು ಅವನು ಮೊದಲ ಬಾರಿ ಕೇಳಿದ. ಕಪ್ಪು ಐದು ಬಿಟ್ಟು ಕೆಳಗಿನ ಪಟ್ಟಿಯಲ್ಲಿ, ತನಗೆ ಬೇಕಾದಲ್ಲಿ, ಆರಾಮವಾಗಿ ಹಾಡುತ್ತಿದ್ದಳು. ಅದಕ್ಕೂ ಅವನಿಗೆ ಸಂಕಟವಾಯಿತು.

“ಯಾರ್ರಿ? ಕಾಕಾರೇನ್ರಿ?” ಸೃಷ್ಟಿ ತಿರುಗದೆ ಕೇಳಿದಳು.

“ಹೂಂನವಾ. ನಾನ. ನಾನ ನುಡಸ್ದೆ ಅದನ್ನ. ಬೇಕಂತ.”

“ಗೊತ್ತಾತ್ರಿ.” ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. “ಹಾಲು ನಿಂತು ಎಷ್ಟೋ ದಿನ ಆಗಿತ್ರಿ ಕಾಕಾರ. ಗುಳಿಗಿ ತೊಗೊಂಡು ನಿಲ್ಲಿಸಿದ್ನಿ. ನೀವು ಅದನ್ನ ಎತ್ತಿದ ಕೂಡ್ಲೆ ಬಂತ್ರಿ. ಎರಡೂ ಕಡೆ. ಕುಬಸಾ ಎಲ್ಲಾ ತೊಯ್ತು.”

ಅವನು ನೆಲ ನೋಡಿದ. ಎಲ್ಲೋ ಒಳಗೆ, ಮುಚ್ಚಿಟ್ಟ ಜಾಗದಲ್ಲಿ, ತನ್ನ ಧಾಟಿಗೆ ಅಷ್ಟು ಶಕ್ತಿಯಿತ್ತೇ ಎಂದು ಒಂದು ಹೆಮ್ಮೆ ತಲೆಯೆತ್ತಿತು. ಅದು ಎತ್ತಿದ್ದನ್ನು ಅವನು ನೋಡಿದ. ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಮಂದಿ ಬರಾಕತ್ರೇನ್ರಿ?” ಸೃಷ್ಟಿ ಕೇಳಿದಳು. “ಇಲ್ಲೇ ಈ ಕಡೆ ಬಂದು ನಿಂದರ್ರಿ ಕಾಕಾರ. ನನಗ ಬೆನ್ನ ಕೊಟ್ಟು. ಸೀರಿ ಬಿಚ್ಚಿ ಸುತಗೋತೇನ್ರಿ.”

ಆರತಿ ಮುಗಿದಿತ್ತು. ದತ್ತು ಹೋಗಿ ಗೋಡೆಗೂ ಟಾಕಿಗೂ ನಡುವಿನ ಸಂದಿಗೆ ಅಡ್ಡವಾಗಿ, ಅವಳಿಗೆ ಬೆನ್ನು ಹಾಕಿ ನಿಂತ. ಸಣಕಲು ಮನುಷ್ಯ, ಸಂದಿ ಪೂರ್ತಿ ಮುಚ್ಚಲು ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಮೊಣಕೈ ಅಗಲಿಸಬೇಕಾಯಿತು. ಹೆಂಗಸರು ಪ್ರಸಾದದ ಕೈ ನೆಕ್ಕುತ್ತ ಹೊರಗೆ ಬಂದರು. ಚಪ್ಪಲಿ ಹುಡುಕುತ್ತ ಅವನನ್ನು ನೋಡಿದರು, ಪೈಲವಾನನ ಹಾಗೆ ನಿಂತ ಮುದುಕನನ್ನು. ಇಬ್ಬರು ಸೆರಗು ಬಾಯಿಗಿಟ್ಟುಕೊಂಡರು. “ಯಾಕ ನಿಲ್ಲಿಸಿದ್ರಿ ಮಾಸ್ತರ, ಛಲೋ ಹೊಂಟಿತ್ತಲ್ಲ!” ಅಂದಳು ಒಬ್ಬಳು. ಬೆನ್ನ ಹಿಂದೆ ಸೀರೆಯ ಸರಬರ, ಪಿನ್ನು ನೆಲಕ್ಕೆ ಬಿದ್ದ ಸದ್ದು, ಹುಡುಗಿಯ ಉಸಿರು.

ಸುಹಾಸಿನಿ ಬಾಗಿಲಿಗೆ ಬಂದಳು. ಹಾರ ತೆಗೆದಿದ್ದಳು. ಮೆಟ್ಟಿಲ ಮೇಲೆ ನಿಂತು ಗಾಬರಿಯಿಂದ ಅತ್ತ ಇತ್ತ ನೋಡಿದಳು. ಅವಳ ಕಣ್ಣು ಟಾಕಿಯ ಕಡೆ ತಿರುಗಿ, ಅವನ ಮೇಲೆ ಬಂದು ನಿಂತಿತು. ಅವನ ಮೇಲೋ, ಅವನ ಭುಜದ ಹಿಂದೋ, ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಯಾರನ್ನು ಹುಡುಕುತ್ತಿದ್ದಾಳೆಂದು ತಿಳಿಯಲು ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಿತ್ತು. ಅವಳ ಕಣ್ಣು ಅವನ ಜೊತೆ ಬರುತ್ತಿತ್ತು, ಇಲ್ಲವೇ ಅಲ್ಲೇ ಉಳಿಯುತ್ತಿತ್ತು. ಅಷ್ಟರಲ್ಲೇ ಗೊತ್ತಾಗುತ್ತಿತ್ತು.

“ಆತೇನವಾ?” ಅವನು ತಿರುಗದೆ ಕೇಳಿದ.

“ಇನ್ನೂ ಇಲ್ರಿ ಕಾಕಾರ. ಹಂಗ ನಿಂದರ್ರಿ.”

ದತ್ತು ಹಾಗೇ ನಿಂತ.